ವಾಸನೆಯಿಲ್ಲದ ಉಪ್ಪು

ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ನನಗೆ ಎರಡು ವಿಷಯಕ್ಕೆ ಹೆಸರಿತ್ತು. ಒಂದು ಕೋಪ, ಇನ್ನೊಂದು ಮೂಗು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಕ್ಕಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಅದೂ ನನಗೆ ಗೊತ್ತಿತ್ತು. ಪಿಯುಸಿ ಮಕ್ಕಳಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ರಸಾಯನಶಾಸ್ತ್ರ ಹೇಳಿಕೊಟ್ಟವಳು ನಾನು. ಪ್ರಯೋಗಾಲಯದ ಬಾಗಿಲಲ್ಲಿ ನಿಂತೇ ಒಳಗೆ ಯಾರ ನಳಿಗೆಯಲ್ಲಿ ಏನು ಕಾಯುತ್ತಿದೆ ಎಂದು ಹೇಳುತ್ತಿದ್ದೆ. ‘ಮೂರನೇ ಟೇಬಲ್, ನಿನ್ನದು ಅಸಿಟೇಟು, ಅಷ್ಟೊಂದು ಕಾಯಿಸಬೇಡ’ ಎಂದರೆ ಆ ಹುಡುಗ ಬೆಚ್ಚಿ ತಿರುಗಿ ನೋಡುತ್ತಿದ್ದ. ಚೀಟಿ ಕಿತ್ತುಹೋದ ಬಾಟಲಿಗಳನ್ನು ನಮ್ಮ ಅಟೆಂಡರು ಸಾಲಾಗಿ ನನ್ನ ಮುಂದೆ ಇಡುತ್ತಿದ್ದರು. ನಾನು ಮುಚ್ಚಳ ತೆಗೆದು, ಕೈಯಿಂದ ಗಾಳಿ ಬೀಸಿಕೊಂಡು ಹೆಸರು ಹೇಳುತ್ತ ಹೋಗುತ್ತಿದ್ದೆ. ಜಂಬ ಇತ್ತು, ಇಲ್ಲ ಅನ್ನುವುದಿಲ್ಲ.

ಆ ಮೂಗು ಒಂದು ದಿನ ಹೋಯಿತು. ಕೊರೊನಾ ಮುಗಿಯಿತು, ಇನ್ನು ಬರುವುದಿಲ್ಲ ಎಂದು ಎಲ್ಲರೂ ಮಾಸ್ಕು ಬಿಸಾಡಿದ ಮೇಲೆ ನನಗೆ ನಾಲ್ಕು ದಿನ ಸಣ್ಣ ಜ್ವರ ಬಂತು. ಐದನೆಯ ದಿನ ಬೆಳಿಗ್ಗೆ ಮನೆಯವರು ಚಹಾ ಮಾಡಿಕೊಟ್ಟರು, ಅದು ಬರೀ ಸಿಹಿ ನೀರಿನಂತಿತ್ತು. ‘ಶುಂಠಿ ಹಾಕೋಕೂ ಕೈ ಬರಲಿಲ್ವಾ?’ ಎಂದು ಹರಿಹಾಯ್ದೆ. ಅವರು ಎದ್ದು ಹೋಗಿ, ಕುಟ್ಟಿದ ಶುಂಠಿ ಅಂಟಿದ್ದ ಕಲ್ಲನ್ನು ತಂದು ನನ್ನ ಮೂಗಿನ ಮುಂದೆ ಹಿಡಿದರು. ಏನೂ ಇಲ್ಲ. ಊದುಬತ್ತಿ, ಬೆಳ್ಳುಳ್ಳಿ, ಕೊನೆಗೆ ಅವರ ಶಿಫ್ಟಿನ ಅಂಗಿ, ಎಲ್ಲ ಮೂಸಿ ನೋಡಿದೆ. ಅವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಕಲ್ಲಿದ್ದಲು ಬೇಯಿಸಿ ಕೋಕ್ ಮಾಡುವ ಕಡೆ ಕೆಲಸ ಮಾಡುವವರು. ಆ ಅಂಗಿಯ ವಾಸನೆಗೆ ನಮ್ಮ ಓಣಿಯ ನಾಯಿ ಕೂಡ ದೂರ ಸರಿಯುತ್ತದೆ. ನನಗೆ ಅದೂ ತಿಳಿಯಲಿಲ್ಲ.

ಡಾಕ್ಟರು ‘ಬರುತ್ತೆ, ಕಾಯಿರಿ’ ಎಂದರು. ಎಷ್ಟು ದಿನ ಎಂದು ಕೇಳಿದರೆ ‘ಒಬ್ಬೊಬ್ಬರಿಗೆ ಒಂದೊಂದು ಥರ’ ಎಂದರು. ಯಾರಿಗೂ ಹೇಳಕೂಡದೆಂದು ಮನೆಯವರಿಂದ ಆಣೆ ಹಾಕಿಸಿಕೊಂಡೆ. ಸಂಗೀತದ ಮೇಷ್ಟ್ರಿಗೆ ಕಿವಿ ಹೋದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ? ನನ್ನದೂ ಹಾಗೇ. ಮೂಗು ಮರಳಿ ಬರುವ ತನಕ ಯಾರಿಗೂ ಗೊತ್ತಾಗದಂತೆ ದಿನ ತಳ್ಳಿದರಾಯಿತು ಎಂದುಕೊಂಡೆ. ಬರದೇ ಹೋದರೆ ಏನು ಮಾಡಲಿ ಎಂಬ ಪ್ರಶ್ನೆ ಮಾತ್ರ ದಿನವೂ ನನ್ನ ಜೊತೆಗೇ ಬಸ್ಸು ಹತ್ತುತ್ತಿತ್ತು.

ಪ್ರಯೋಗಾಲಯದಲ್ಲಿ ಒಂದು ಉಪ್ಪು ಮೊದಲಿನಿಂದ ನನ್ನ ಮುದ್ದಿನದು. ಅಮೋನಿಯಂ ಸಲ್ಫೇಟು. ನೋಡಲು ಸಕ್ಕರೆಯಂತೆ ಇರುತ್ತದೆ. ಬುಕ್ಕಸಾಗರದ ನಮ್ಮ ತವರಿನಲ್ಲಿ ಅದಕ್ಕೆ ‘ಸಕ್ಕರಿ ಗೊಬ್ಬರ’ ಎಂದೇ ಹೆಸರು. ಸಣ್ಣವಳಿದ್ದಾಗ ಕದ್ದು ಬಾಯಿಗೆ ಹಾಕಿಕೊಂಡು ಅವ್ವನ ಕೈಲಿ ಹೊಡೆಸಿಕೊಂಡಿದ್ದೇನೆ. ಕಲ್ಲಿದ್ದಲು ಬೇಯುವಾಗ ಹೊರಬರುವ ಹೊಗೆಯಲ್ಲಿ ಅಮೋನಿಯಾ ಇರುತ್ತದೆ. ಅದನ್ನು ಗಂಧಕದ ಆಮ್ಲದಲ್ಲಿ ತೊಳೆದರೆ ಈ ಬಿಳಿ ಹರಳು ಕೂರುತ್ತದೆ. ಉಕ್ಕು ಮಾಡುವ ಕಡೆ ಹುಟ್ಟಿದ್ದು ಚೀಲ ಸೇರಿ, ಕಂಪ್ಲಿಯ ಅಂಗಡಿ ಸೇರಿ, ಕೊನೆಗೆ ಭತ್ತದ ಗದ್ದೆ ಸೇರುತ್ತದೆ. ಗಂಡನ ಮನೆಗೂ ತವರುಮನೆಗೂ ಇಷ್ಟು ಚೆಂದದ ನಂಟು ಇನ್ನೊಂದಿಲ್ಲ ಎಂದು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ, ಮಕ್ಕಳು ಪ್ರತಿ ವರ್ಷ ನಗುತ್ತಿದ್ದರು.

ಆದರೆ ನನಗೆ ಅದು ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಗಂಧಕ ಎಂದರೆ ನಾತದ ಮನೆತನ. ಕೊಳೆತ ಮೊಟ್ಟೆ, ಬೆಳ್ಳುಳ್ಳಿ, ಇಂಗು, ಎಲ್ಲದರ ಹಿಂದೆ ಅದೇ ಇರುತ್ತದೆ. ಅಮೋನಿಯಾ ಕೂಡ ಕಡಿಮೆಯದಲ್ಲ, ಹಳೇ ಬಸ್‌ಸ್ಟ್ಯಾಂಡಿನ ಗೋಡೆ ಬದಿ ಒಮ್ಮೆ ನಡೆದವರಿಗೆ ಗೊತ್ತು. ಇಂಥ ಎರಡು ಮನೆತನಗಳು ಬೀಗತನ ಮಾಡಿಕೊಂಡು ಒಂದು ಹರಳಿನಲ್ಲಿ ಸಂಸಾರ ಹೂಡಿದರೆ ಯಾವ ವಾಸನೆಯೂ ಇರುವುದಿಲ್ಲ. ಗಂಧಕವನ್ನು ನಾಲ್ಕು ಆಮ್ಲಜನಕ ಸುತ್ತುವರಿದು ಕೂರಿಸಿಬಿಡುತ್ತವೆ, ಅಮೋನಿಯಾ ಒಂದು ಹೆಚ್ಚಿನ ಹೈಡ್ರೋಜನ್ ಹಿಡಿದುಕೊಂಡು ತೆಪ್ಪಗಾಗುತ್ತದೆ. ಆದರೆ ಸ್ವಲ್ಪ ಸುಣ್ಣವನ್ನೋ ಕ್ಷಾರವನ್ನೋ ತೋರಿಸಿ ನೋಡಿ, ಅಮೋನಿಯಾ ಸಂಸಾರ ಬಿಟ್ಟು ಓಡಿಬಂದು ನೇರ ಮೂಗಿಗೆ ಹೊಡೆಯುತ್ತದೆ.

ಮೂಗು ಹೋದ ಮೇಲೂ ಈ ಪರೀಕ್ಷೆಯೊಂದು ಕಷ್ಟವಾಗಲಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದರೆ ಅಮೋನಿಯಾ ದಟ್ಟ ಬಿಳಿ ಹೊಗೆಯಾಗಿ ಕಣ್ಣಿಗೇ ಕಾಣುತ್ತದೆ. ‘ಮೂಗನ್ನ ನಂಬಬಾರದು, ಕಡ್ಡಿಯನ್ನ ನಂಬಬೇಕು’ ಎಂದು ಹೊಸದಾಗಿ ಉಪದೇಶ ಶುರುಮಾಡಿದೆ. ಇಪ್ಪತ್ತು ವರ್ಷ ಇದರ ತಿರುವುಮುರುವು ಹೇಳಿದ್ದವಳು ನಾನೇ.

ಸಿಕ್ಕಿಬಿದ್ದಿದ್ದು ಒಂದು ಮಧ್ಯಾಹ್ನ. ಮಕ್ಕಳೆಲ್ಲ ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ಕೂತು ಅವರ ರೆಕಾರ್ಡುಗಳಿಗೆ ಸಹಿ ಹಾಕುತ್ತಿದ್ದೆ. ಮೂಲೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಬಿಡುವ ಗಾಜಿನ ಉಪಕರಣವಿತ್ತು, ಕೊಳೆತ ಮೊಟ್ಟೆಯ ನಾತದ್ದು. ಅದರ ತಿರುಪನ್ನು ಯಾರೋ ಸರಿಯಾಗಿ ಮುಚ್ಚಿರಲಿಲ್ಲ. ನಾನು ಹಾಯಾಗಿ ಸಹಿ ಹಾಕುತ್ತಲೇ ಇದ್ದೆ. ಅಟೆಂಡರು ಬಾಗಿಲಲ್ಲಿ ಕಾಲಿಟ್ಟವರೇ ಟವೆಲ್ ಮೂಗಿಗೆ ಒತ್ತಿಕೊಂಡು ಓಡಿಬಂದು ತಿರುಪು ಮುಚ್ಚಿದರು, ಎಲ್ಲ ಕಿಟಕಿ ತೆರೆದರು, ನನ್ನನ್ನು ಹೊರಗೆ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿದರು. ತಲೆ ಸಿಡಿಯುತ್ತಿತ್ತು. ಅವರು ಚಿತ್ತವಾಡ್ಗಿಯವರು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನಿಧಾನದ ಮನುಷ್ಯ. ಅವರು ಓಡಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

‘ಮೇಡಂ, ತಪ್ಪು ತಿಳೀಬ್ಯಾಡ್ರಿ. ನಿಮಗ ವಾಸನಿ ಬರಂಗಿಲ್ಲೇನ್ರಿ?’ ಎಂದು ಮೆಲ್ಲಗೆ ಕೇಳಿದರು.

‘ಯಾರು ಹೇಳಿದ್ದು? ಸ್ವಲ್ಪ ನೆಗಡಿ. ನಿಮ್ಮ ಕೆಲಸ ನೋಡಿಕೊಳ್ಳಿ’ ಎಂದು ಸಿಡುಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗಿತ್ತು ನನ್ನ ಮುಖ.

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನದಿಂದ ನಾನು ಯಾವ ಟೇಬಲ್ಲಿನ ಬಳಿ ನಿಂತರೂ ಒಂದು ಬಟ್ಟೆ ಹಿಡಿದು ಒರೆಸುತ್ತ ಹಿಂದೆಯೇ ಬರತೊಡಗಿದರು. ಅಮೋನಿಯಾ ಇದ್ದರೆ ಒಂದು ಸಲ ಕೆಮ್ಮುತ್ತಿದ್ದರು. ಹೈಡ್ರೋಜನ್ ಸಲ್ಫೈಡ್ ಆದರೆ ಎರಡು ಸಲ. ಅಸಿಟೇಟಿನ ಹುಳಿ ವಾಸನೆಗೆ ಗಂಟಲು ಸರಿಮಾಡಿಕೊಳ್ಳುವುದು. ನಾವಿಬ್ಬರೂ ಕೂತು ಇದನ್ನು ಮಾತಾಡಿಕೊಂಡದ್ದೇ ಇಲ್ಲ, ಆದರೂ ವಾರದೊಳಗೆ ನನಗೆ ಪಾಠವಾಯಿತು. ನನ್ನ ಹೆಸರು ಉಳಿಯಿತು. ಡಿಸೆಂಬರಿನ ಚಳಿಯಲ್ಲಿ ಅವರಿಗೆ ನಿಜವಾದ ಕೆಮ್ಮು ಹತ್ತಿದಾಗ ಮಾತ್ರ ಫಜೀತಿಯಾಯಿತು. ಸಂಡೂರಿನಿಂದ ಬರುವ ಒಬ್ಬ ಹುಡುಗನ ನಳಿಗೆಯಲ್ಲಿದ್ದ ಬಡಪಾಯಿ ಕಾರ್ಬೊನೇಟಿನ ಮುಂದೆ ಅವರು ಏಳು ಸಲ ಕೆಮ್ಮಿದರು. ‘ಅಮೋನಿಯಾ. ಅಲ್ಲ, ಸಲ್ಫೈಡ್. ಅಲ್ಲ...’ ಎಂದು ನಾನು ತಡವರಿಸಿದೆ. ಹುಡುಗ ನನ್ನನ್ನೂ ನಳಿಗೆಯನ್ನೂ ಸರದಿಯಂತೆ ನೋಡಿದ.

ಜನವರಿಯಲ್ಲಿ ಪೂರ್ವಸಿದ್ಧತಾ ಪ್ರಾಯೋಗಿಕ ಪರೀಕ್ಷೆ ಬಂತು. ಪ್ರತಿಯೊಬ್ಬರಿಗೂ ಹೆಸರಿಲ್ಲದ ಒಂದು ಉಪ್ಪು ಕೊಡುತ್ತೇವೆ. ಅದರಲ್ಲಿ ಏನೇನಿದೆ ಎಂದು ಅವರು ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ತರಿಸಬೇಕಾಗಿದ್ದ ರಾಸಾಯನಿಕಗಳು ಆ ವರ್ಷ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕಪಾಟಿನಲ್ಲಿ ಇದ್ದದ್ದೆಲ್ಲ ತಳ ಕಂಡಿತ್ತು. ಅದಕ್ಕೇನಂತೆ, ಅಮೋನಿಯಂ ಸಲ್ಫೇಟು ತವರಿನಲ್ಲಿ ಚೀಲಗಟ್ಟಲೆ ಇದೆಯಲ್ಲ ಎಂದು ಭಾನುವಾರ ಒಂದು ಸ್ಟೀಲ್ ಡಬ್ಬಿ ಹಿಡಿದು ಬುಕ್ಕಸಾಗರದ ಬಸ್ಸು ಹತ್ತಿದೆ.

ತವರಿನಲ್ಲಿ ತಮ್ಮ ಮತ್ತು ಅವನ ಹೆಂಡತಿ ಗದ್ದೆ ನೋಡಿಕೊಳ್ಳುತ್ತಾರೆ, ಅವ್ವ ಅವರಿಬ್ಬರನ್ನು ನೋಡಿಕೊಳ್ಳುತ್ತಾಳೆ. ಅಡಿಗೆ ಮನೆ ಇನ್ನೂ ಅವ್ವನ ಕೈಯಲ್ಲೇ ಇದೆ. ನಾನು ಬಂದೆನೆಂದರೆ ಅವಳ ಬೆಳ್ಳುಳ್ಳಿ ಒಗ್ಗರಣೆಯ ಬೇಳೆಸಾರು ಆಗಲೇಬೇಕು. ‘ಹೆಂಗೈತಿ?’ ಎಂದು ಎದುರಿಗೇ ಕೂತು ಕೇಳುತ್ತಾಳೆ. ಐದು ತಿಂಗಳಿಂದ ನಾನು ‘ಮಸ್ತ್ ಆಗೇತವ್ವ’ ಎನ್ನುತ್ತಲೇ ಇದ್ದೆ. ನಾಲಿಗೆಗೆ ಉಪ್ಪು ಹುಳಿ ಖಾರ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

ಊಟವಾದ ಮೇಲೆ ಗೊಬ್ಬರದ ಕೋಣೆಗೆ ಹೋಗಿ ಚೀಲ ಬಿಚ್ಚಿದೆ. ಚೀಲದ ಬಾಯಿಯ ಒಳಗೆ ಒಂದು ಬಟ್ಟೆಯ ಗಂಟು ಕಟ್ಟಿತ್ತು. ಅವ್ವ ಎಲ್ಲದಕ್ಕೂ ಒಂದೊಂದು ಗಂಟು ಕಟ್ಟುವವಳು. ಪಂಪ್‌ಸೆಟ್ಟಿಗೆ ಇದೆ, ಎಮ್ಮೆಯ ಕೊರಳಿಗಿದೆ, ತಮ್ಮನ ಬೈಕಿಗೂ ಇದೆ. ಇದೂ ಅಂಥದ್ದೇ ದೃಷ್ಟಿಯ ಗಂಟು ಎಂದುಕೊಂಡು, ಭಕ್ತಿಯಿಂದ ಪಕ್ಕಕ್ಕೆ ಸರಿಸಿ, ಕೆಳಗಿನಿಂದ ಡಬ್ಬಿ ತುಂಬಿಕೊಂಡೆ. ಹರಳು ಬೆಳ್ಳಗೆ ಹೊಳೆಯುತ್ತಿತ್ತು. ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಹರಳು ಕಟ್ಟಿಸಿ ಬಳಸಬೇಕಿತ್ತು. ಆ ಕೆಲಸ ಬೇರೆಯವರಿಗೆ ಹೇಳಿಕೊಡುವಾಗ ನಾನು ಭಾಳ ಚುರುಕು.

ಮರುದಿನ ಮೊದಲ ತಂಡಕ್ಕೆ ಇಪ್ಪತ್ತು ಮಕ್ಕಳು. ಇಪ್ಪತ್ತು ಗಾಜಿನ ತಟ್ಟೆಗಳಲ್ಲಿ ಒಂದೇ ಉಪ್ಪು. ಅದು ಗೊತ್ತಾಗದಿರಲೆಂದು ಇಪ್ಪತ್ತು ಬೇರೆ ಬೇರೆ ನಂಬರಿನ ಚೀಟಿ ಹಚ್ಚಿದ್ದೆ. ಡಬ್ಬಿ ತೆರೆದಾಗ ಅಟೆಂಡರು ಒಮ್ಮೆ ಕೆಮ್ಮಿದರು. ನಾನು ಗಮನ ಕೊಡಲಿಲ್ಲ. ಎರಡು ಸಲ ಕೆಮ್ಮಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಹಿಂದೆಂದೂ ಕೇಳದ ಒಂದು ಉದ್ದನೆಯ ಕೆಮ್ಮು ಕೆಮ್ಮಿ ನನ್ನ ಮುಖವನ್ನೇ ನೋಡುತ್ತ ನಿಂತರು. ‘ಬಿಸಿನೀರು ಕುಡೀರಿ’ ಎಂದು ನಾನು ಮುಂದೆ ಹೋದೆ. ಇಂಗಿಗೆ ನಮ್ಮ ಲೆಕ್ಕದಲ್ಲಿ ಕೆಮ್ಮೇ ಇರಲಿಲ್ಲ.

ಹೌದು, ಇಂಗು. ಅವ್ವ ಇಲಿ ಬರಬಾರದೆಂದು ಗಟ್ಟಿ ಇಂಗನ್ನು ಬಟ್ಟೆಯಲ್ಲಿ ಕಟ್ಟಿ ಚೀಲದೊಳಗೆ ಇಳಿಬಿಟ್ಟಿದ್ದಳು. ತಿಂಗಳುಗಟ್ಟಲೆ ಬಾಯಿ ಕಟ್ಟಿದ ಚೀಲದಲ್ಲಿದ್ದ ಗೊಬ್ಬರ ಅದನ್ನೆಲ್ಲ ಹೀರಿಕೊಂಡಿತ್ತು. ಉಪ್ಪಿನ ಪರೀಕ್ಷೆಯ ಮೊದಲ ಮೂರು ಸಾಲು ಎಲ್ಲ ಮಕ್ಕಳಿಗೂ ಬಾಯಿಪಾಠ: ಬಣ್ಣ, ರೂಪ, ವಾಸನೆ. ನಾನು ಒಬ್ಬೊಬ್ಬರ ಹಾಳೆ ನೋಡುತ್ತ ಬಂದೆ. ‘ಬಣ್ಣ: ಬಿಳಿ. ರೂಪ: ಹರಳು. ವಾಸನೆ: ಇಂಗು.’ ಮುಂದಿನವನದೂ ಅದೇ. ಅದರಾಚೆಯವಳು ತನಗೆ ತಿಳಿದ ಇಂಗ್ಲಿಷಿನಲ್ಲಿ ‘ಮನೆಯ ಸಾರಿನ ವಾಸನೆ’ ಎಂಬರ್ಥದಲ್ಲಿ ಏನೋ ಬರೆದಿದ್ದಳು. ಇಪ್ಪತ್ತು ಜನ ಸೇರಿ ನನ್ನನ್ನು ಗೇಲಿ ಮಾಡುತ್ತಿದ್ದಾರೆ ಎಂದು ನನಗೆ ರೇಗಿತು.

ಕಂಪ್ಲಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಧೈರ್ಯದ ಹುಡುಗಿ, ಅವರದೂ ಭತ್ತದ ಮನೆಯೇ. ‘ಮೇಡಂ, ಇದ್ರಾಗ ಇಂಗು ಐತ್ರಿ. ಅದಕ್ಕ ಯಾವ ಟೆಸ್ಟ್ ಮಾಡ್ಬೇಕ್ರಿ?’ ಎಂದಳು.

‘ಏನು ತಮಾಷೆ ಇದು? ಅಮೋನಿಯಂ ಸಲ್ಫೇಟಿಗೆ ಎಲ್ಲಾದರೂ ವಾಸನೆ ಇರುತ್ತದೇನೇ?’ ಎಂದು ಗುಡುಗಿದೆ.

ಇಪ್ಪತ್ತು ಪೆನ್ನುಗಳು ಒಟ್ಟಿಗೇ ಸರಸರ ಬರೆಯುವ ಸದ್ದು ಕೇಳಿಸಿತು. ಪರೀಕ್ಷೆಯ ಉತ್ತರವನ್ನು ನಾನೇ ಕೂಗಿ ಹೇಳಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಷ್ಟೇ ಸಾಕಾಯಿತು. ಕಪಾಟಿನ ಗಾಜು ಅದುರುವಷ್ಟು ನಕ್ಕರು. ಅಟೆಂಡರು ಗೋಡೆಯ ಕಡೆ ತಿರುಗಿದ್ದರು, ಅವರ ಭುಜ ಕುಣಿಯುತ್ತಿತ್ತು.

ಆ ಹುಡುಗಿ ಮಾತ್ರ ನಗಲಿಲ್ಲ. ತಟ್ಟೆ ಹಿಡಿದು ನನ್ನ ಹತ್ತಿರ ಬಂದು, ‘ಖರೇನೇ ಐತ್ರಿ ಮೇಡಂ, ಮೂಸಿ ನೋಡ್ರಿ’ ಎಂದು ಮುಂದೆ ಹಿಡಿದಳು. ಮೂಸಿದೆ. ಇಪ್ಪತ್ತು ಮುಖಗಳು ನನ್ನ ಮೂಗನ್ನೇ ನೋಡುತ್ತಿದ್ದವು. ಆಗ ನನಗೆ ಆ ಮಧ್ಯಾಹ್ನದ ತಿರುಪು ನೆನಪಾಯಿತು. ಅಂದು ನಾನೊಬ್ಬಳೇ ಇದ್ದೆ. ಈ ಇಪ್ಪತ್ತು ಜನ ಇದ್ದಿದ್ದರೆ? ಅಟೆಂಡರು ರಜೆಯಲ್ಲಿದ್ದು, ಮಕ್ಕಳು ‘ಮೇಡಂ ಸುಮ್ಮನಿದ್ದಾರಲ್ಲ, ಏನೂ ಆಗಿಲ್ಲ’ ಎಂದುಕೊಂಡು ಆ ಗಾಳಿಯಲ್ಲೇ ನಿಂತಿದ್ದರೆ? ನನ್ನ ಹೆಸರು ಉಳಿಸಿಕೊಳ್ಳಲು ಐದು ತಿಂಗಳು ಇವರ ಉಸಿರನ್ನೇ ಪಣಕ್ಕಿಟ್ಟಿದ್ದೆ.

‘ನನಗೆ ವಾಸನೆ ಬರುವುದಿಲ್ಲ. ಆಗಸ್ಟಿನಿಂದ ಏನೂ ತಿಳಿಯುತ್ತಿಲ್ಲ. ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು’ ಎಂದೆ. ಮಕ್ಕಳಿಗೆ ತಪ್ಪಾಯಿತು ಎಂದು ಹೇಳಿದ್ದು ನನ್ನ ನೌಕರಿಯಲ್ಲೇ ಅದು ಮೊದಲು.

ನಗು ನಿಂತಿತು. ಹುಡುಗಿ ತಟ್ಟೆ ಕೆಳಗಿಟ್ಟು ಹೇಳಿದಳು: ‘ಮೊದ್ಲ ಹೇಳಬಾರದೇನ್ರಿ ಮೇಡಂ? ಇಷ್ಟು ಮಂದಿ ಮೂಗು ಇಲ್ಲಿ ಖಾಲಿನೇ ಅದಾವಲ್ರಿ.’

ಅಂದಿನಿಂದ ನಮ್ಮ ಪ್ರಯೋಗಾಲಯದಲ್ಲಿ ‘ಮೂಗು ಡ್ಯೂಟಿ’ ಎಂಬ ಹೊಸ ಪದ್ಧತಿ ಬಂತು. ದಿನಕ್ಕೊಬ್ಬರ ಹೆಸರನ್ನು ಕಪ್ಪು ಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. ನೆಗಡಿ ಇದ್ದವರಿಗೆ ಆ ದಿನ ಮಾಫಿ. ಪ್ರಾಂಶುಪಾಲರಿಗೂ ಹೋಗಿ ಹೇಳಿದೆ. ಅವರು ಬೈಯುತ್ತಾರೆಂದು ಹೋದರೆ, ಇಂಗಿನ ಕಥೆಯನ್ನು ಎರಡು ಸಲ ಹೇಳಿಸಿಕೊಂಡು ನಕ್ಕರು. ನಕ್ಕಾದ ಮೇಲೆ, ಅಪಾಯದ ಆ ಉಪಕರಣವನ್ನು ಹೊರಗಿನ ವರಾಂಡಕ್ಕೆ ಸಾಗಿಸಲು ಅಂದೇ ಹೇಳಿದರು. ಅಟೆಂಡರಿಗೆ ಕೆಮ್ಮುವ ಕೆಲಸ ತಪ್ಪಿತು. ಅದಕ್ಕೆ ಅವರು ಸ್ವಲ್ಪ ಬೇಜಾರು ಮಾಡಿಕೊಂಡರೆಂದು ನನ್ನ ಅನುಮಾನ.

ಅವ್ವನಿಗೆ ಹೇಳುವುದು ಮಾತ್ರ ಇಷ್ಟು ಸಲೀಸಾಗಲಿಲ್ಲ. ಮುಂದಿನ ಭಾನುವಾರ ಹೋಗಿ ಎಲ್ಲ ಒಪ್ಪಿಸಿದೆ. ಇಂಗಿನ ಗಂಟಿಗೆ ನಾನು ದೃಷ್ಟಿಯ ಗಂಟೆಂದು ಭಕ್ತಿ ತೋರಿಸಿದ್ದಕ್ಕೆ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದಳು.

‘ಅಂದ್ರ ಐದು ತಿಂಗಳು ನನ್ನ ಸಾರು ಮಸ್ತ್ ಐತಿ ಅಂದಿದ್ದು?’

‘ಮತ್ತೇನು ಹೇಳಲಿ ಅವ್ವಾ. ನಾಲಿಗೆಗೆ ಉಪ್ಪು ಹುಳಿ ಖಾರ ಅಷ್ಟೇ ಗೊತ್ತಾಗೋದು. ಉಳಿದದ್ದೆಲ್ಲ ಮೂಗಿನ ಕೆಲಸ.’

‘ಹಂಗಾರ ಸುಳ್ಳು ಹೇಳಿದಿ. ನನ್ನ ಮುಂದ ಕುಂತು, ನನ್ನ ಅಡಿಗಿ ಉಂಡು, ನನಗ ಸುಳ್ಳು ಹೇಳಿದಿ’ ಎಂದಳು. ಅವಳ ದನಿ ಏರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಎದ್ದು ಹೋದವಳು ಮುಷ್ಟಿಯಲ್ಲಿ ಒಂದಿಷ್ಟು ಸಕ್ಕರೆ ಗೊಬ್ಬರ ತಂದಳು. ಎಲೆ ಅಡಿಕೆಯ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು, ಅಂಗೈಯಲ್ಲಿ ಎರಡನ್ನೂ ಹಾಕಿ ತಿಕ್ಕಿದಳು. ಗೊಬ್ಬರ ಅಸಲಿಯೋ ನಕಲಿಯೋ ಎಂದು ಅವಳು ನೋಡುವ ಕ್ರಮವೇ ಅದು. ಅಸಲಿಯಾದರೆ ಮೂಗಿಗೆ ಹೊಡೆಯುತ್ತದೆ. ನಾನು ಕಾಲೇಜಿನಲ್ಲಿ ನಳಿಗೆ, ಕ್ಷಾರ, ದೀಪ ಎಲ್ಲ ಇಟ್ಟುಕೊಂಡು ಮಾಡುವ ಪರೀಕ್ಷೆ ಅವಳ ಅಂಗೈಯಲ್ಲೇ ಮುಗಿಯುತ್ತದೆ. ಆ ಅಂಗೈಯನ್ನು ತಂದು ನನ್ನ ಮೂಗಿಗೆ ಒತ್ತಿದಳು.

ಸೂಜಿಯಂತೆ ಚುಚ್ಚಿತು. ಕಣ್ಣಲ್ಲಿ ಬಳಬಳ ನೀರು ಬಂತು. ‘ಬಂತವ್ವಾ!’ ಎಂದು ಕಿರುಚಿದೆ. ಅವ್ವ ಗೆದ್ದವಳಂತೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಒಂದು ನಿಮಿಷದ ಮೇಲೆ ನನಗೆ ಓದಿದ್ದು ನೆನಪಾಯಿತು. ಅಮೋನಿಯಾ ಚುಚ್ಚುವುದು ಬೇರೆ ನರಕ್ಕೆ, ಈರುಳ್ಳಿ ಹೆಚ್ಚುವಾಗ ಉರಿಯುತ್ತದಲ್ಲ, ಆ ನರಕ್ಕೆ. ಅದು ವಾಸನೆಯಲ್ಲ. ಹಾಗೆಂದು ಹೇಳಿದೆ, ಹೇಳುತ್ತ ಅತ್ತೆ. ಆ ಒಂದು ನಿಮಿಷ ನಾನು ಎಷ್ಟು ಆಸೆಪಟ್ಟಿದ್ದೆನೆಂದು ಆಗಲೇ ತಿಳಿದದ್ದು.

‘ವಾಸನಿ ಇಲ್ಲಂದ್ರ ಇಲ್ಲ. ಬಾಗಲಾ ಬಡದ್ರ ಒಳಗ ಯಾರೋ ಓ ಅಂದಾರಿಲ್ಲ? ಮನಿ ಖಾಲಿ ಇಲ್ಲ ಅಂತಾತು. ದಿನಾ ಬಡಿ’ ಎಂದು ಅವ್ವ ಕೈ ತೊಳೆಯಲು ಹೋದಳು.

ದಿನವೂ ಬಡಿದೆ. ಮನೆಯಲ್ಲಿ ಶುಂಠಿ, ಲವಂಗ, ನಿಂಬೆಸಿಪ್ಪೆ ಮೂಸುತ್ತಿದ್ದೆ. ಡಾಕ್ಟರೂ ಅದನ್ನೇ ಮಾಡಿರೆಂದರು. ಕಾಲೇಜಿನಲ್ಲಿ ಆ ಇಂಗಿನ ಡಬ್ಬಿ ಕಪಾಟಿನಲ್ಲೇ ಉಳಿದಿತ್ತು. ಪಾಠಕ್ಕೆ ಮೊದಲು ಅದರ ಮುಚ್ಚಳ ತೆಗೆದು ಒಮ್ಮೆ ಉಸಿರೆಳೆದುಕೊಳ್ಳುವುದು ರೂಢಿಯಾಯಿತು. ವಾಸನೆಯಿಲ್ಲದ ಉಪ್ಪು ದಿನವೂ ವಾಸನೆಯಿಲ್ಲದ ಉಪ್ಪಾಗಿಯೇ ಇತ್ತು. ಭಾನುವಾರ ಅವ್ವನ ಸಾರು ಉಣ್ಣುತ್ತಿದ್ದೆ. ಹಲವು ಸಲ ಉಪ್ಪು ಕಡಿಮೆ ಅನ್ನಿಸಿತು. ಅವಳ ಮನಸ್ಸು ಒಮ್ಮೆ ನೋಯಿಸಿದ್ದು ಸಾಲದೇ ಎಂದು ಬಾಯಿ ಬಿಡಲಿಲ್ಲ. ವಾಸನೆ ತಿಳಿಯಲ್ಲವ್ವ, ಉಳಿದದ್ದೆಲ್ಲ ಸರಿಯಾಗೇತಿ ಎನ್ನುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು.

ಬೇಸಿಗೆ ರಜೆ ಮುಗಿದು ಜೂನಿನಲ್ಲಿ ಕಾಲೇಜು ಶುರುವಾಯಿತು. ಎರಡು ತಿಂಗಳು ಮುಚ್ಚಿದ್ದ ಪ್ರಯೋಗಾಲಯದಲ್ಲಿ ಎಲ್ಲದರ ಮೇಲೂ ಸಂಡೂರಿನ ಕಡೆಯ ಕೆಂಪು ಧೂಳು. ನಾನು ಡಬ್ಬಿ ಒರೆಸಿ ಮುಚ್ಚಳ ತೆಗೆದೆ. ಮೂರು ಮನೆ ಆಚೆ ಯಾರೋ ಒಗ್ಗರಣೆ ಹಾಕಿದಂತೆ ಏನೋ ಬಂತು, ಬಂದು ಹೋಯಿತು. ಭ್ರಮೆ ಎಂದುಕೊಂಡು ಮತ್ತೆ ಎಳೆದುಕೊಂಡೆ. ಮತ್ತೆ ಬಂತು.

‘ಊಟದ ಡಬ್ಬಿ ತೆಗೆದಿರೇನು?’ ಎಂದು ಅಟೆಂಡರನ್ನು ಕೂಗಿ ಕೇಳಿದೆ.

‘ಇಲ್ರಿ ಮೇಡಂ, ಇನ್ನೂ ಹತ್ತು ಗಂಟಿ’ ಎನ್ನುತ್ತ ಅವರು ಬಂದರು. ನನ್ನ ಕೈಯಲ್ಲಿದ್ದ ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿದರು. ಜನವರಿಯಲ್ಲಿ ಕೆಮ್ಮಿದ್ದ ಆ ಉದ್ದನೆಯ ಕೆಮ್ಮನ್ನು ಇನ್ನೊಮ್ಮೆ ಕೆಮ್ಮಿದರು. ನಾನು ನಗುತ್ತ ಅತ್ತೆನೋ ಅಳುತ್ತ ನಕ್ಕೆನೋ ಗೊತ್ತಿಲ್ಲ.

ಅವ್ವನಿಗೆ ಫೋನ್ ಮಾಡಿ, ‘ಅವ್ವಾ, ಇಂಗು’ ಎಂದೆ. ‘ಸಂಜಿ ಬಸ್ ಹತ್ತು. ಸಾರಿಗೆ ಇಡ್ತೀನಿ. ಈ ಸಲನಾದ್ರೂ ಖರೇ ಹೇಳು’ ಎಂದಳು.

ಸಂಜೆ ಬುಕ್ಕಸಾಗರದಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ತಟ್ಟೆಯ ಮುಂದೆ ಕೂತೆ, ತಮ್ಮನೂ ಪಕ್ಕದಲ್ಲಿ ಕೂತ. ಅವ್ವ ಸಾರು ಬಡಿಸಿ ಎದುರಿಗೆ ಕೂತಳು. ಬಗ್ಗಿ ಉಸಿರೆಳೆದುಕೊಂಡೆ. ಪೂರ್ತಿ ಅಲ್ಲ, ಸೆರಗಿನ ಅಂಚಿನಷ್ಟು ಬೆಳ್ಳುಳ್ಳಿ, ಅದರ ಹಿಂದೆ ಇಂಗು. ಹತ್ತು ತಿಂಗಳ ಮೇಲೆ ಅವ್ವನ ಅಡಿಗೆಮನೆ ನನಗೆ ಮತ್ತೆ ಸಿಕ್ಕಿತ್ತು. ಕಲಸಿ ಒಂದು ತುತ್ತು ಬಾಯಿಗಿಟ್ಟೆ.

‘ಹೆಂಗೈತಿ?’

ಮಸ್ತ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಒಗ್ಗರಣಿ ಭಾಳ ಚಲೋ ಐತವ್ವ. ಆದ್ರ ಉಪ್ಪು ಕಮ್ಮಿ ಆಗೇತಿ.’

ತಮ್ಮ ತಟ್ಟೆಯ ಮೇಲೆ ಬಗ್ಗಿ ಜೋರಾಗಿ ನಗತೊಡಗಿದ. ಅವ್ವ ನಗಲಿಲ್ಲ. ‘ಐದು ತಿಂಗಳಿಂದ ಕಮ್ಮಿನೇ ಹಾಕಕತ್ತೀನಿ. ಉಪ್ಪು ನಾಲಿಗಿಗೆ ಗೊತ್ತಾಗ್ತೈತಿ ಅಂತ ನೀನ ಹೇಳಿದ್ದಿ. ಯಾವತ್ತು ಬಾಯಿ ಬಿಡ್ತಿ ಅಂತ ನೋಡಕತ್ತಿದ್ದೆ’ ಎಂದಳು.

‘ಪ್ರತಿ ಐತಾರ ನಾವೂ ಅದನ್ನ ಉಂಡೀವಿ’ ಎಂದ ತಮ್ಮ.

ಅವ್ವ ಬೆನ್ನ ಹಿಂದಿನಿಂದ ಉಪ್ಪಿನ ಬಟ್ಟಲು ತೆಗೆದಳು. ಅದನ್ನು ಮೊದಲೇ ಅಲ್ಲಿ ತಂದಿಟ್ಟುಕೊಂಡು ಕೂತಿದ್ದಳು. ನನ್ನ ತಟ್ಟೆಗೆ ತನ್ನ ಕೈಯಿಂದಲೇ ಒಂದು ಚಿಟಿಕೆ ಹಾಕಿ, ಕಲಸಿ, ‘ಈಗ ಉಣ್ಣು’ ಎಂದಳು.